ಕಲ್ಲು ಸರಿಯುವುದು ಕಾಗದದಲ್ಲಿ

ಸರ್ವೇಯರ್‌ಗೆ ಲಂಚ ಕೊಡುವುದು ಗಡಿಕಲ್ಲು ಸರಿಸಲಿಕ್ಕೆ ಎಂದು ಜನ ನಂಬಿದ್ದಾರೆ. ಮದುವೆಮನೆಯ ಪಂಕ್ತಿಯಲ್ಲಿ ಪಕ್ಕದವರು ನಗುತ್ತಾ ಕೇಳುವುದೂ ಅದನ್ನೇ: "ಸರ್ವೀಸ್‌ನಾಗೆ ಎಷ್ಟು ಕಲ್ಲು ಸರಿಸಿದ್ರಿ ಸಾರ್?" ನಿಜ ಹೇಳಬೇಕೆಂದರೆ, ಕಲ್ಲು ಸರಿಸಿಕೊಡಿ ಎಂದು ದುಡ್ಡು ಹಿಡಿದು ನನ್ನ ಬಳಿ ಬಂದವರು ಬಲು ಕಡಿಮೆ. ಹಾಗೆ ಕೇಳಲು ಗುಂಡಿಗೆ ಬೇಕು, ಅಳತೆಯ ಲೆಕ್ಕವೂ ಸ್ವಲ್ಪ ತಿಳಿದಿರಬೇಕು. ಬಂದವರಲ್ಲಿ ಹೆಚ್ಚಿನವರು ಕೇಳಿದ್ದು ಬೇರೆ: "ಈ ತಿಂಗಳು ಬರಬ್ಯಾಡ್ರಿ ಸಾರ್, ಮುಂದಿನ ತಿಂಗಳು ನೋಡಾಣ."

ಅನಂತಪುರ ಸೀಮೆಯ ಬೇಸಾಯ ಬಲ್ಲವರಿಗೆ ಆ ಮಾತಿನ ಬೆಲೆ ಗೊತ್ತು. ಇಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 550 ಮಿಲಿಮೀಟರು. ಜೂನ್ ಕೊನೆಗೋ ಜುಲೈಗೋ ಹದ ಸಿಕ್ಕರೆ ಶೇಂಗಾ ಬಿತ್ತನೆ, ಕಿತ್ತು ಬಿಡಿಸುವ ಹೊತ್ತಿಗೆ ನವೆಂಬರ್. ಶೇಂಗಾ ಸಾಲಿನ ನಡುವೆ ಹಾಕಿದ ತೊಗರಿ ಸಂಕ್ರಾಂತಿ ದಾಟಿಯೂ ನಿಂತಿರುತ್ತದೆ. ಖುಷ್ಕಿ ಹೊಲ ಅಳತೆಗೆ ಪೂರ್ತಿ ಖಾಲಿ ಸಿಗುವುದು ಶಿವರಾತ್ರಿಯಿಂದ ಮುಂಗಾರಿನ ತನಕ. ಮೇ ತಿಂಗಳಲ್ಲಿ ಬರಬೇಕಾದ ಸರ್ವೇಯರ್ ಜುಲೈಗೆ ಬಂದರೆ ಬಿತ್ತನೆ ಮುಗಿದಿರುತ್ತದೆ, ಒತ್ತುವರಿ ಮಾಡಿದವನು ಇನ್ನೊಂದು ಬೆಳೆ ಮನೆಗೆ ಒಯ್ಯುತ್ತಾನೆ. ಇಲ್ಲಿ ಒಂದು ತಿಂಗಳ ತಡವೆಂದರೆ ಒಂದು ವರ್ಷದ ತಡ. ಎರಡು ಮೂರು ವರ್ಷ ಹೀಗೇ ಆದರೆ ಅರ್ಜಿ ಹಾಕಿದವನೇ ಸೋತು ರಾಜಿಗೆ ಬರುತ್ತಾನೆ. ಯಾರೂ ಸುಳ್ಳು ಬರೆದಿಲ್ಲ, ಯಾರೂ ನಕ್ಷೆ ತಿದ್ದಿಲ್ಲ, ತನಿಖೆಗೆ ಬಂದವರಿಗೆ ಹಿಡಿಯಲು ಒಂದು ಎಳೆಯೂ ಸಿಗುವುದಿಲ್ಲ.

ನಾನು ಎಂಬತ್ತರ ದಶಕದ ನಡುವಿನಲ್ಲಿ ಕೆಲಸಕ್ಕೆ ಸೇರಿದವನು. ರಾಯದುರ್ಗದ ಸುತ್ತಲಿನ ಮಂಡಲಗಳಲ್ಲೂ ಆಮೇಲೆ ಮಡಕಶಿರಾ ಕಡೆಯ ಮಂಡಲಗಳಲ್ಲೂ ದುಡಿದೆ. ಯಾವ ವರ್ಷ ಯಾವ ಕಚೇರಿ ಎಂದು ಬರೆಯುವುದಿಲ್ಲ. ಜೊತೆಗೆ ಕೆಲಸ ಮಾಡಿದವರು ಇನ್ನೂ ಇದ್ದಾರೆ, ಅವರ ಮಕ್ಕಳೂ ಇದ್ದಾರೆ.

ಎರಡೂ ಕಡೆ ಮನೆಮಾತು ಕನ್ನಡ, ಕಚೇರಿಯ ಮಾತು ತೆಲುಗು. ರಾಯದುರ್ಗ 1953ರ ಅಕ್ಟೋಬರ್ 1ರವರೆಗೆ ಬಳ್ಳಾರಿ ಜಿಲ್ಲೆಯ ತಾಲ್ಲೂಕು. ಆದವಾನಿ, ಆಲೂರುಗಳ ಜೊತೆ ಅಂದು ಆಂಧ್ರಕ್ಕೆ ಸೇರಿತು. ಮಡಕಶಿರಾ ಬಹಳ ಹಿಂದಿನಿಂದ ಅನಂತಪುರದ್ದೇ, 2022ರ ಏಪ್ರಿಲ್‌ನಿಂದ ಶ್ರೀ ಸತ್ಯಸಾಯಿ ಜಿಲ್ಲೆಯದು. ಅಲ್ಲಿನ ಅಗಳಿ, ರೊಳ್ಳ, ಅಮರಾಪುರದ ರೈತರಿಗೆ ಶಿರಾ ಹಿರಿಯೂರುಗಳ ಜೊತೆ ಕೊಡುಕೊಳ್ಳುವಿಕೆ, ಕಾಗದಪತ್ರ ಮಾತ್ರ ಆಂಧ್ರದ್ದು. ಗಡಿಯ ಆಚೆ ಹೊಲವನ್ನು ಎಕರೆ-ಗುಂಟೆಯಲ್ಲಿ ಹೇಳಿದರೆ ಈಚೆ ಎಕರೆ-ಸೆಂಟಿನಲ್ಲಿ ಹೇಳುತ್ತೇವೆ. ಆಚೆಯವರ ನಲವತ್ತು ಗುಂಟೆ ನಮ್ಮ ನೂರು ಸೆಂಟು. ಅಳತೆಗೆ ಮುಂಚೆ ಅಕ್ಕಪಕ್ಕದ ಹೊಲದವರಿಗೆ ಹೋಗುವ ನೋಟಿಸು ತೆಲುಗಿನಲ್ಲಿ. ಹೆಬ್ಬೆಟ್ಟು ಒತ್ತುವ ಅಜ್ಜನಿಗೆ ಅದು ಯಾವ ಭಾಷೆಯಲ್ಲಿದ್ದರೂ ಒಂದೇ ಎಂದು ನಮ್ಮ ಕಚೇರಿಯಲ್ಲಿ ಒಬ್ಬರು ಹೇಳುತ್ತಿದ್ದರು. ಒಂದೇ ಅಲ್ಲ. ಓದಿ ಹೇಳುವವನು ಯಾರು ಎಂಬುದರ ಮೇಲೆ ಎಲ್ಲ ನಿಂತಿರುತ್ತದೆ. ಆದ್ದರಿಂದ ನೋಟಿಸನ್ನು ತಳಾರಿಯ ಕೈಗೆ ಕೊಟ್ಟು ಸುಮ್ಮನಾಗದೆ, ಅಳತೆಯ ದಿನ ಹೊಲದ ಬದುವಿನಲ್ಲಿ ನಿಂತು ಕನ್ನಡದಲ್ಲಿ ಇನ್ನೊಮ್ಮೆ ಹೇಳುವ ರೂಢಿ ಇಟ್ಟುಕೊಂಡೆ.

ಈ ಸೀಮೆಯ ಹೊಲಗಳಿಗೆ ಮೊದಲು ಲೆಕ್ಕಾಚಾರದ ಅಳತೆ ಹಾಕಿಸಿದವನು ಥಾಮಸ್ ಮನ್ರೋ. 1800ರಿಂದ 1807ರವರೆಗೆ ಈ ಸೀಮೆಯೂ ಸೇರಿದ್ದ ದತ್ತ ಮಂಡಲಗಳ ಕಲೆಕ್ಟರನಾಗಿದ್ದ. 1802ರಲ್ಲಿ ಹೊಲ ಅಳೆಯುವ ಕೆಲಸಕ್ಕೆ ಕೈಹಾಕಿದಾಗ ಆ ವಿದ್ಯೆ ಬಲ್ಲವರು ಅವನ ಕಚೇರಿಯ ನಾಲ್ವರು ಗುಮಾಸ್ತರು ಮಾತ್ರ. ಉಳಿದವರನ್ನು ಇಲ್ಲಿಯವರನ್ನೇ ಹಿಡಿದು ಕಲಿಸಿ ತಯಾರು ಮಾಡಿದ. ಅವನ ಚೈನು 33 ಅಡಿಯದು. ಒಂದು ಚೈನು ಉದ್ದ ಒಂದು ಚೈನು ಅಗಲದ ಚೌಕ 1,089 ಚದರಡಿ, ಅಂಥವು ನಲವತ್ತಾದರೆ ಒಂದು ಎಕರೆ. ಹಾಗೆ ನೋಡಿದರೆ ಮನ್ರೋನ ಚೌಕ ಇಂದು ಗುಂಟೆಯಾಗಿ ಉಳಿದಿರುವುದು ಗಡಿಯ ಆಚೆ.

ನನಗೆ ಹೆಚ್ಚು ಕುತೂಹಲ ಹುಟ್ಟಿಸಿದ್ದು ಅವನು ಸಂಬಳ ಕಟ್ಟಿದ ರೀತಿ. ಅಳೆಯುವವರಿಗೆ ಮೊದಲು ತಿಂಗಳ ಸಂಬಳವಿತ್ತು, ಬೇಗನೆ ಅದನ್ನು ಬಿಡಿಸಿ ಎಕರೆ ಲೆಕ್ಕದಲ್ಲಿ ಕೂಲಿ ಮಾಡಿದ. ಹೆಚ್ಚು ಅಳೆದವನಿಗೆ ಹೆಚ್ಚು ದುಡ್ಡು. ಸುಳ್ಳು ಅಳತೆ ಸಿಕ್ಕಿಬಿದ್ದರೆ ಕೆಲಸ ಹೋಯಿತು. ಆ ಅಳತೆಯನ್ನು ಮತ್ತೆ ಅಳೆದು ನೋಡುವ ಮೇಲಿನವರಿಗೆ ಮಾತ್ರ ತಿಂಗಳ ಸಂಬಳ, ಅವರು ಅವಸರ ಮಾಡಬಾರದೆಂದು. ಒಳ್ಳೆಯವರನ್ನು ಹುಡುಕುತ್ತ ಅವನು ಕೂರಲಿಲ್ಲ. ಆ ಕಟ್ಟಿನಲ್ಲಿ ತಡಮಾಡಿದರೆ ನಷ್ಟ ಅಳೆಯುವವನಿಗೇ. ಮುಂದೆ ನಮಗೆಲ್ಲ ತಿಂಗಳ ಸಂಬಳ ಬಂತು, ತಡಮಾಡಿದರೆ ನಮಗೇನೂ ನಷ್ಟವಿಲ್ಲವೆಂದಾಯಿತು. ನಷ್ಟವಿಲ್ಲದ ವಸ್ತುವನ್ನು ಮಾರುವುದು ಸುಲಭ. ಕೂಲಿ ಪದ್ಧತಿ ವಾಪಸು ಬರಲಿ ಎನ್ನುತ್ತಿಲ್ಲ, ಅದರಲ್ಲಿ ಬಡವನ ತುಂಡು ಹೊಲಕ್ಕೆ ಯಾರೂ ಹೋಗುತ್ತಿರಲಿಲ್ಲ. ಇದೇ ಮನ್ರೋ ಮದ್ರಾಸಿನ ಗವರ್ನರನಾದ ಮೇಲೆ, 1824ರ ಟಿಪ್ಪಣಿಯೊಂದರಲ್ಲಿ, ಇಲ್ಲಿಯ ನೌಕರರಿಗೆ ಹೊಟ್ಟೆಗಾಗುವಷ್ಟು ಸಂಬಳವನ್ನೂ ನಂಬಿಕೆಯನ್ನೂ ಕೊಡದೆ ಅವರಿಂದ ಪ್ರಾಮಾಣಿಕತೆ ಬಯಸುವುದು ತರವಲ್ಲ ಎಂದು ವಾದಿಸಿದ.

ನನಗೆ ಕೆಲಸ ಕಲಿಸಿದವರು ಇಲಾಖೆಯವರಲ್ಲ, ಕೆಲಸ ಕಳೆದುಕೊಂಡ ಒಬ್ಬ ಶಾನುಭೋಗರು. 1984ರ ಜನವರಿಯಲ್ಲಿ ಎನ್.ಟಿ. ರಾಮರಾವ್ ಸರ್ಕಾರ ಸುಗ್ರೀವಾಜ್ಞೆ ಹೊರಡಿಸಿ ವಂಶಪಾರಂಪರ್ಯದ ಗ್ರಾಮಾಧಿಕಾರಿಗಳ ಹುದ್ದೆಯನ್ನೇ ತೆಗೆದುಹಾಕಿತು. ಕರಣಂ, ಮುನಸಬುಗಳ ಕಾಲ ಮುಗಿಯಿತು. ಜನ ಖುಷಿಪಟ್ಟರು. ಖುಷಿಪಡಲು ಕಾರಣವಿತ್ತು, ಊರಿನ ಹೊಲ-ಬೆಳೆಗಳ ಲೆಕ್ಕದ ಪುಸ್ತಕವಾದ ಅಡಂಗಲ್ ಒಂದೇ ಮನೆಯ ಅಟ್ಟದ ಮೇಲೆ ಕೂತಿದ್ದರೆ ಊರೇ ಆ ಮನೆಯ ಜಗಲಿಯಲ್ಲಿ ಕೂರಬೇಕಾಗುತ್ತದೆ. ಈ ಶಾನುಭೋಗರೂ ಪುಣ್ಯಾತ್ಮರೇನಲ್ಲ. ತಿಂದಿದ್ದಾರೆ ಎಂದು ಊರೆಲ್ಲ ಹೇಳುತ್ತಿತ್ತು, ಅವರೂ ಅಲ್ಲವೆನ್ನುತ್ತಿರಲಿಲ್ಲ. ಆದರೆ ಯಾವ ಹೊಲದ ಮೂಲೆಗಲ್ಲು ಯಾವ ಕತ್ತಾಳೆ ಬೇಲಿಯ ಬುಡದಲ್ಲಿ ಹೂತಿದೆ ಎಂಬುದು ಅವರಿಗೆ ಕಣ್ಣುಕಟ್ಟಿದರೂ ಗೊತ್ತಿತ್ತು. ಅವರ ಹಿಂದೆ ಚೈನು ಎಳೆಸಿಕೊಂಡು ತಿರುಗುವಾಗ ಒಂದು ಮಾತು ಹೇಳಿದರು: "ನೋಡು ಮರಿ, ಹೊಲದಾಗೆ ಅಳದಿದ್ದು ಹೊಲದಾಗೇ ಬರೀಬೇಕು. ಮನೆಗೆ ತಂದು ಬರೆದ್ರೆ ರಾತ್ರಿ ಯಾರಾನ ಬರ್ತಾರೆ."

ಬುದ್ಧಿಮಾತಿನಂತೆ ಹೇಳಿದ್ದಲ್ಲ ಅದು, ತಮ್ಮ ಮನೆಯ ಕಥೆ ಹೇಳಿದ್ದು. ನಾನು ಅದನ್ನು ಕೆಲಸದ ಕ್ರಮವಾಗಿ ಹಿಡಿದೆ. ನಾವು ಅಳತೆಗೆ ಹಿಡಿದು ಹೋಗುವ ಎಫ್‌ಎಂಬಿ ಎಂದರೆ ಪ್ರತಿ ಸರ್ವೆ ನಂಬರಿನ ನಕ್ಷೆಯ ಪುಸ್ತಕ. ಅದರಲ್ಲಿ ನಡುವೆ ಹಾದ ನೇರಗೆರೆ, ಆ ಗೆರೆಯಿಂದ ಎಡಕ್ಕೆ ಬಲಕ್ಕೆ ಎಷ್ಟೆಷ್ಟು ದೂರದಲ್ಲಿ ಬದು ಬರುತ್ತದೆ ಎಂಬ ಅಂಕಿ, ಸುತ್ತಲೂ ನೆರೆಯ ನಂಬರುಗಳು ಇರುತ್ತವೆ. ಸ್ಥಳದಲ್ಲಿ ಅಳೆದ ಅಂಕಿಗಳನ್ನು ನಾನು ಗಟ್ಟಿಯಾಗಿ ಕೂಗಿ ಹೇಳುತ್ತಿದ್ದೆ, ಚೈನ್‌ಮನ್ ತಿರುಗಿ ಕೂಗುತ್ತಿದ್ದ, ಎರಡೂ ಕಡೆಯವರಿಗೆ ಕೇಳಿಸುತ್ತಿತ್ತು. ಕಾಗದದ ಮೇಲೆ ಶಾಯಿಯಲ್ಲಿ ಬರೆದು ಅಲ್ಲೇ ಸಹಿ, ಹೆಬ್ಬೆಟ್ಟು. ಕಚೇರಿಗೆ ಹೋಗಿ ಚೊಕ್ಕಟವಾಗಿ ಬರೆಯೋಣ ಎಂದು ಪೆನ್ಸಿಲ್ ಹಿಡಿದವರು ಬಹಳ ಮಂದಿ. ಅವರೆಲ್ಲ ಕೆಟ್ಟವರಲ್ಲ, ಅಕ್ಷರ ದುಂಡಗಿರಲಿ ಎಂಬ ಆಸೆಯವರೂ ಇದ್ದರು. ಪೆನ್ಸಿಲ್ ಕಾಗದ ಚೀಲದಲ್ಲಿ ಇರುವಷ್ಟು ಹೊತ್ತು ಎಲ್ಲರಿಗೂ ಆಸೆ ಹುಟ್ಟಿಸುತ್ತದೆ, ಕೇಳುವವನಿಗೂ ಬರೆಯುವವನಿಗೂ.

ರಾಯದುರ್ಗದ ಕಡೆಯ ಒಂದು ಹೊಲದ ಕಥೆ ಹೇಳಬೇಕು. ತೊಂಬತ್ತರ ದಶಕದ ಕೊನೆ. ಗಂಡ ತೀರಿಕೊಂಡ ಹೆಣ್ಣುಮಗಳು ಅರ್ಜಿ ಕೊಟ್ಟಿದ್ದಳು. ಪಕ್ಕದ ಹೊಲದ ಆಸಾಮಿ ಕಂಟ್ರಾಕ್ಟು ಕೆಲಸ ಹಿಡಿಯುವವನು, ಕಚೇರಿಯಲ್ಲಿ ಕುರ್ಚಿ ಕೊಟ್ಟು ಮಾತಾಡಿಸುವಂಥ ಮನುಷ್ಯ. ಬದು ತನ್ನ ಕಡೆಗೆ ಸರಿದಿದೆ ಎಂಬುದು ಅವಳ ದೂರು. ನೋಟಿಸು ಹೋಗಿ ತಾರೀಕು ಗೊತ್ತಾಯಿತು, ಜನವರಿ. ಹಿಂದಿನ ದಿನ ನನ್ನ ಮೇಲಿನವರು ಕರೆದರು. ಬೈಯಲಿಲ್ಲ, ಹೆದರಿಸಲಿಲ್ಲ. "ಹೊಲದಾಗೆ ಬೆಳೆ ಐತಂತಲ್ಲ. ಬೆಳೆ ಇದ್ದುದರಿಂದ ಅಳತೆ ಆಗಲಿಲ್ಲ ಅಂತ ಬರೆದುಬಿಡಪ್ಪ, ಬೇಸಿಗೆಗೆ ನೋಡಾಣ" ಎಂದರು.

ಬೆಳೆ ಇತ್ತು. ಅದೇ ನನ್ನನ್ನು ರಾತ್ರಿಯಿಡೀ ಕಾಡಿದ್ದು. ಶೇಂಗಾ ಕಿತ್ತು ತಿಂಗಳ ಮೇಲಾಗಿತ್ತು, ತೊಗರಿ ಸಾಲು ಮಾತ್ರ ನಿಂತಿತ್ತು. ಸಾಲಿನ ನಡುವೆ ಎತ್ತಿನ ಗಾಡಿ ಹೋಗುವಷ್ಟು ಜಾಗ. ಅಳತೆ ಮಾಡಲು ಯಾವ ಅಡ್ಡಿಯೂ ಇರಲಿಲ್ಲ. ಆದರೆ ಅವರು ಬರೆಯಲು ಹೇಳಿದ ವಾಕ್ಯದ ಮೊದಲ ಅರ್ಧ ನಿಜ, ಯಾರು ಬಂದು ನೋಡಿದರೂ ತೊಗರಿ ಕಾಣುತ್ತದೆ. ಪೂರ್ತಿ ಸುಳ್ಳು ಬರೆ ಎಂದಿದ್ದರೆ ಇಲ್ಲ ಎನ್ನುವುದು ಸುಲಭವಿತ್ತು. ಸರ್ಕಾರಿ ಕೆಲಸದಲ್ಲಿ ಸುಳ್ಳು ಬರುವುದು ಹೀಗೆ, ನಿಜದ ತೋಳು ಹಿಡಿದುಕೊಂಡು.

ಮರುದಿನ ಹೋಗಿ ಅಳೆದೆ. ಮೂರು ಗಡಿ ಕೂಡುವ ಟ್ರೈಜಂಕ್ಷನ್ ಕಲ್ಲುಗಳಲ್ಲಿ ಒಂದು ಸಿಕ್ಕಿರಲಿಲ್ಲ. ಬೇಲಿ ಬುಡ ಅಗೆಸಿದ ಮೇಲೆ ಓರೆಯಾಗಿ ಮಲಗಿದ್ದು ಸಿಕ್ಕಿತು. ಅಂಕಿ ಕೂಗುತ್ತ ಹೋದಂತೆ ನನ್ನ ಗಂಟಲೇ ಒಣಗಿತು. ಬದು ಸರಿದದ್ದು ನಿಜ, ಆದರೆ ಅವಳ ಕಡೆಗಲ್ಲ. ಆ ಕಂಟ್ರಾಕ್ಟರನ ಹನ್ನೊಂದು ಸೆಂಟು ಅವಳ ಹೊಲದೊಳಗೆ ಇತ್ತು. ಅವಳ ಮಾವನ ಕಾಲದಲ್ಲೇ ಬದು ಹಾಗೆ ಕೂತಿದ್ದಿರಬೇಕು. ಅಳತೆ ಬೇಡವೆಂದು ಕಚೇರಿಗೆ ಓಡಾಡಿದವನು ತನ್ನದೇ ಲಾಭಕ್ಕೆ ಅಡ್ಡಗಾಲು ಹಾಕಿಕೊಂಡಿದ್ದ. ನೆಲದ ವಿಷಯದಲ್ಲಿ ಎಲ್ಲರಿಗೂ ತಾವು ಒಂದಿಷ್ಟು ತಿಂದಿದ್ದೇವೆ ಎಂಬ ಅಳುಕು ಇದ್ದೇ ಇರುತ್ತದೆ ಎಂದು ಅಂದು ಗೊತ್ತಾಯಿತು.

ಆ ಹೆಣ್ಣುಮಗಳು ನನ್ನ ಮುಖವನ್ನೇ ನೋಡುತ್ತಿದ್ದಳು. "ಇದೇನು ಸಾರ್, ನೀವೂ ಅವರ ಕಡೇನೇನಾ?" ಎಂದಳು. ಏನು ಹೇಳುವುದು? ಕರುಣೆ ತೋರಿ ಹನ್ನೊಂದನ್ನು ಎರಡು ಮಾಡಬಹುದಿತ್ತು, ಚೈನು ಸ್ವಲ್ಪ ಸಡಿಲ ಬಿಟ್ಟರೆ ಸಾಕು. ಇದ್ದ ಅಂಕಿಯನ್ನೇ ಬರೆದೆ. ಬರೆದ ಮೇಲೆ ಇಬ್ಬರನ್ನೂ ಎದುರಿಗೆ ನಿಲ್ಲಿಸಿಕೊಂಡು ಹೇಳಿದೆ: "ನೋಡವ್ವಾ, ಅಳತೆ ಹೇಳೋದು ಇದು. ಹನ್ನೆರಡು ವರ್ಷಕ್ಕಿಂತ ಹೆಚ್ಚು ಕಾಲ ನೀವು ಬಹಿರಂಗವಾಗಿ ಅನುಭವದಲ್ಲಿದ್ದರೆ ಕೋರ್ಟಿನಲ್ಲಿ ಅದನ್ನು ಹೇಳಿಕೊಳ್ಳಬಹುದು. ಅದು ನನ್ನ ಕೈಯಲ್ಲಿಲ್ಲ, ವಕೀಲರನ್ನು ಕೇಳಿ." ಇದನ್ನು ಹೇಳಿದ್ದಕ್ಕೆ ಕಂಟ್ರಾಕ್ಟರನಿಗೆ ಸಿಟ್ಟು, ಅಳತೆಗೆ ಅವಳಿಗೆ ಸಿಟ್ಟು, ಅಳೆದದ್ದಕ್ಕೆ ಮೇಲಿನವರಿಗೆ ಸಿಟ್ಟು. ಸರ್ವೇಯರ್ ಕಾನೂನು ಹೇಳಬಾರದಿತ್ತು ಎಂದು ನನ್ನ ಸ್ನೇಹಿತರೊಬ್ಬರು ಇವತ್ತಿಗೂ ವಾದಿಸುತ್ತಾರೆ. ಅವಳಿಗೊಬ್ಬಳಿಗೇ ಕಿವಿಯಲ್ಲಿ ಹೇಳಿದ್ದರೆ ಅವರ ಮಾತು ಸರಿ. ಇಬ್ಬರಿಗೂ ಕೇಳುವಂತೆ ಹೇಳಿದ್ದರಿಂದ ನಾನು ಒಪ್ಪುವುದಿಲ್ಲ.

ಅವಳು ಆಮೇಲೆ ಸಂತೆಯಲ್ಲಿ ಎದುರಾದಾಗಲೆಲ್ಲ ಮುಖ ತಿರುಗಿಸಿ ಹೋಗುತ್ತಿದ್ದಳು. ಆ ವರ್ಷವೇ ನನಗೆ ಮಡಕಶಿರಾ ಕಡೆಗೆ ವರ್ಗವಾಯಿತು. ಆಡಳಿತದ ಹಿತದೃಷ್ಟಿಯಿಂದ ಎಂದು ಆದೇಶದಲ್ಲಿತ್ತು. ಮನೆಯವಳು ನನ್ನನ್ನು ಬೈಯಲಿಲ್ಲ, ಮಕ್ಕಳ ಟಿ.ಸಿ. ತರಲು ಮಾತ್ರ ನನ್ನ ಜೊತೆ ಬರಲಿಲ್ಲ. ಪ್ರಾಮಾಣಿಕನಿಗೆ ಕೊನೆಗೆ ಜನರ ಪ್ರೀತಿ ಸಿಗುತ್ತದೆ ಎಂದು ಭಾಷಣಗಳಲ್ಲಿ ಕೇಳಿದ್ದೇನೆ. ಅಳತೆಯ ಕೆಲಸದಲ್ಲಿ ಹಾಗಾಗುವುದಿಲ್ಲ. ಪ್ರತಿ ಅಳತೆಯಲ್ಲೂ ಒಬ್ಬನಿಗೆ ನೆಲ ಹೋಗುತ್ತದೆ, ಹೋದವನು ಕೈಮುಗಿಯುವುದಿಲ್ಲ.

ಮಡಕಶಿರಾ ಕಡೆಯ ತೊಂದರೆ ಇನ್ನೊಂದು ಬಗೆಯದು. ಅಲ್ಲಿ ಮರ್ಯಾದೆ ಹೆಚ್ಚು. "ಬರ್ರಿ ಸ್ವಾಮಿ, ಮೊದ್ಲು ಊಟ ಮಾಡ್ರಿ, ಆಮೇಲೆ ಅಳತೆ ಇದ್ದೇ ಐತೆ" ಎಂದು ಮುದ್ದೆ, ಹುರುಳಿ ಸಾರು ಬಡಿಸುವವರನ್ನು ಲಂಚ ಕೊಡುತ್ತಿದ್ದೀರಿ ಎನ್ನಲು ಯಾವ ಬಾಯಿ ಬರುತ್ತದೆ? ಸರ್ಕಾರ ನಮಗೆ ಗಾಡಿ ಕೊಟ್ಟಿರಲಿಲ್ಲ. ಬಸ್ಸು ಬಿಡುವಲ್ಲಿಂದ ಹೊಲಕ್ಕೆ ಯಾರದೋ ಮೋಟಾರುಸೈಕಲ್ಲಿನ ಹಿಂದೆ ಕೂತೇ ಹೋಗಬೇಕು. ಕಲ್ಲು ತರಿಸುವುದು, ಗುಂಡಿ ತೋಡುವ ಆಳಿನ ಕೂಲಿ, ಎಲ್ಲ ಅರ್ಜಿದಾರನ ತಲೆಗೆ. ಎಲ್ಲಿಯವರೆಗೆ ಖರ್ಚು, ಎಲ್ಲಿಂದ ಲಂಚ ಎಂದು ಗೆರೆ ಎಳೆಯುವುದು ಹೊಲದ ಗಡಿ ಎಳೆಯುವುದಕ್ಕಿಂತ ಕಷ್ಟ. ನಾನು ಕಂಡುಕೊಂಡದ್ದು ದೊಡ್ಡ ತತ್ವವೇನಲ್ಲ. ಮನೆಯಿಂದ ಬುತ್ತಿ ಒಯ್ದೆ. ಮಜ್ಜಿಗೆ ಕೊಟ್ಟರೆ ಎರಡೂ ಕಡೆಯವರು ಇದ್ದಾಗ ಕುಡಿದೆ. ಹೋಗುವಾಗ ಅರ್ಜಿದಾರನ ಗಾಡಿ ಹತ್ತಿದರೆ ಬರುವಾಗ ಎದುರುದಾರನ ಗಾಡಿ ಕೇಳಿದೆ. ಇದರಿಂದ ಊರವರಿಗೆ ನಗು, ನನಗೆ ಸಮಾಧಾನ. ಅಕ್ಕಪಕ್ಕದ ಮಂಡಲಗಳಲ್ಲಿ ನನಗಿಂತ ಚೊಕ್ಕ ಮನುಷ್ಯರು ಮುದ್ದೆ ಉಂಡೂ ಸರಿಯಾಗಿ ಅಳೆದಿದ್ದಾರೆ, ಬುತ್ತಿ ಕಟ್ಟಿಕೊಂಡು ಹೋಗಿ ಕೆಟ್ಟದ್ದು ಮಾಡಿದವರನ್ನೂ ಬಲ್ಲೆ.

ಗುರುತು ಅಳಿದರೆ ಏನಾಗುತ್ತದೆ ಎಂಬುದನ್ನು ಇಡೀ ದೇಶ ನೋಡಿದ್ದು ನಮ್ಮ ಡಿ. ಹಿರೇಹಾಳ್ ಮಂಡಲದಲ್ಲಿ. ಓಬಳಾಪುರಂ ಅಲ್ಲಿಯದು, ರಾಯದುರ್ಗ ಕ್ಷೇತ್ರಕ್ಕೆ ಸೇರಿದ್ದು. ಬೆಟ್ಟದ ಈ ಮಗ್ಗುಲು ಆಂಧ್ರ, ಆ ಮಗ್ಗುಲು ಬಳ್ಳಾರಿ. ನಡುವಿನ ರಾಜ್ಯದ ಗಡಿಗುರುತುಗಳು ಹಾಳಾದ ಮೇಲೆ ಅದಿರು ಯಾವ ರಾಜ್ಯದ ಮಣ್ಣಿನಿಂದ ಎದ್ದಿತು ಎಂಬುದೇ ತಕರಾರಾಯಿತು. ಕರ್ನಾಟಕದ ಲೋಕಾಯುಕ್ತ ಸಂತೋಷ್ ಹೆಗ್ಡೆಯವರು 2011ರ ಜುಲೈ 27ರಂದು ಅಕ್ರಮ ಗಣಿಗಾರಿಕೆಯ ಬಗ್ಗೆ ಕೊಟ್ಟ ವರದಿಯ ಹಿಂದೆ ಅರಣ್ಯಾಧಿಕಾರಿ ಯು.ವಿ. ಸಿಂಗ್ ಅವರಂಥವರ ಸ್ಥಳತನಿಖೆಯ ದುಡಿಮೆ ಇತ್ತು. ಓಬಳಾಪುರಂ ಮೈನಿಂಗ್ ಕಂಪನಿಯ ಪ್ರಕರಣದಲ್ಲಿ ಹೈದರಾಬಾದಿನ ಸಿಬಿಐ ಕೋರ್ಟು 2025ರ ಮೇ 6ರಂದು ನಾಲ್ವರಿಗೆ ಏಳು ವರ್ಷದ ಶಿಕ್ಷೆ ಹೇಳಿತು. ಅವರಲ್ಲಿ ಒಬ್ಬರು ಅಂದಿನ ಆಂಧ್ರದ ಗಣಿ ಇಲಾಖೆಯ ನಿರ್ದೇಶಕರಾಗಿದ್ದವರು. ಜೂನ್‌ನಲ್ಲಿ ತೆಲಂಗಾಣ ಹೈಕೋರ್ಟು ಶಿಕ್ಷೆಯನ್ನು ಅಮಾನತಿನಲ್ಲಿಟ್ಟು ಜಾಮೀನು ಕೊಟ್ಟಿತು. ಈ ಸುದ್ದಿಗಳಲ್ಲಿ ನನ್ನ ಕಣ್ಣಿಗೆ ಬೀಳುತ್ತಿದ್ದುದು ವರ್ಷಗಳು. ರಾಜ್ಯದ ಗಡಿ ಗುರುತಿಸುವ ಕೆಲಸ ಸರ್ವೆ ಆಫ್ ಇಂಡಿಯಾದವರೆಗೆ ಹೋಗಿ ವರ್ಷಗಟ್ಟಲೆ ಎಳೆಯಿತು. ಹನ್ನೊಂದು ಸೆಂಟಿನ ಹೊಲಕ್ಕೆ ಒಂದು ಬೇಸಿಗೆಯ ತಡವೆಷ್ಟು ಬೆಲೆಬಾಳುತ್ತದೆ ಎಂದು ಬಲ್ಲವನಿಗೆ, ಅದಿರಿನ ಬೆಟ್ಟಕ್ಕೆ ಒಂದು ವರ್ಷದ ತಡದ ಬೆಲೆ ಊಹಿಸುವುದು ಕಷ್ಟವಲ್ಲ.

ನಾನು ನಿವೃತ್ತನಾಗುವ ಹೊತ್ತಿಗೆ ಚೈನು ಗೋಡೆಯ ಮೊಳೆಗೆ ಏರಿತ್ತು. 2020ರ ಡಿಸೆಂಬರ್ 21ರಂದು ಆಂಧ್ರದಲ್ಲಿ ಮರುಸರ್ವೆ ಶುರುವಾಯಿತು. ಮೇಲೆ ಡ್ರೋನು, ಕೈಯಲ್ಲಿ ರೋವರು, ಕೆಲವೇ ಸೆಂಟಿಮೀಟರಿನ ಆಚೀಚೆಯಲ್ಲಿ ಮೂಲೆ ತೋರಿಸುವ ಯಂತ್ರ. ಹೊಸ ಕಲ್ಲುಗಳ ಮೇಲೆ ಅಂದಿನ ಮುಖ್ಯಮಂತ್ರಿಯ ಹೆಸರು ಹೊತ್ತ ಯೋಜನೆಯ ಅಕ್ಷರ ಕೆತ್ತಿಸಿದರು, 2024ರಲ್ಲಿ ಸರ್ಕಾರ ಬದಲಾದ ಮೇಲೆ ಅದನ್ನು ಅಳಿಸುವ ಖರ್ಚು ಬೇರೆ. ರೈತನ ಹೊಲದ ಮೂಲೆಗೆ ಯಾವ ಪಕ್ಷದ ಹೆಸರೂ ಬೇಕಿರಲಿಲ್ಲ. ಆದರೆ ಯಂತ್ರ ಒಳ್ಳೆಯದು, ನಾನು ಅದರ ವಿರೋಧಿಯಲ್ಲ. ಚೈನು ಸಡಿಲ ಬಿಡುವ ಆಟವಂತೂ ಅದರಲ್ಲಿ ನಡೆಯುವುದಿಲ್ಲ.

ಈಗ ಗ್ರಾಮ ಮಟ್ಟದಲ್ಲೇ ಸರ್ವೇಯರ್‌ಗಳಿದ್ದಾರೆ, ಹುಡುಗಿಯರೂ ಬಹಳ. ರೊಳ್ಳ ಕಡೆಯ ಒಬ್ಬಳು ಆಗಾಗ ಫೋನು ಮಾಡುತ್ತಾಳೆ. ಹೋದ ಬೇಸಿಗೆಯಲ್ಲಿ ಕೇಳಿದಳು: "ಸಾರ್, ನೆಟ್‌ವರ್ಕ್ ಇಲ್ಲದ್ದರಿಂದ ಅಳತೆ ಆಗಲಿಲ್ಲ ಅಂತ ಬರೆದು ವಾಪಸ್ ಕಳಿಸು ಅಂತಿದಾರೆ. ಗುಡ್ಡದ ಮಗ್ಗುಲು, ನಿಜವಾಗ್ಲೂ ಸಿಗ್ನಲ್ ಸಿಗ್ತಿಲ್ಲ. ಬರೆದ್ರೆ ತಪ್ಪಾ?" ತೊಗರಿ ಸಾಲೇ ಹೊಸ ವೇಷ ಹಾಕಿಕೊಂಡು ಬಂದಂತೆ ಕೇಳಿಸಿತು. ಸಿಗ್ನಲ್ ಇಲ್ಲದಿದ್ದರೆ ಇಲ್ಲ ಎಂದು ಬರಿಯಮ್ಮಾ, ಎಂದೆ. ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿನವರೆಗೆ ಕಾದೆ, ಹೊಲದ ಯಾವ ಮೂಲೆಯಲ್ಲಿ ನಿಂತೆ, ಅದನ್ನೂ ಬರಿ. ಎರಡೂ ಕಡೆಯವರಿಂದ ಸಹಿ ಹಾಕಿಸಿಕೋ. ಮುಂದಿನ ತಾರೀಕನ್ನು ಅದೇ ಕಾಗದದಲ್ಲಿ, ಅವರ ಎದುರಿಗೇ ಬರಿ, ಕಚೇರಿಗೆ ಹೋಗಿ ಹಾಕುತ್ತೇನೆ ಎನ್ನಬೇಡ.

"ಮಂಗಳವಾರ ಅಂತ ಹಾಕ್ಲಾ ಸಾರ್?"

ಮಂಗಳವಾರ ಅವರ ಸಂತೆ, ಒಬ್ಬರೂ ಹೊಲದಲ್ಲಿ ಸಿಗುವುದಿಲ್ಲ, ಬುಧವಾರ ಹಾಕು ಎಂದೆ.